ಹಿಡಿಸದೆ ಉಳಿದ ಬೆಡಗು

ಗಿರಿಜಕ್ಕಾ,

ಮೊದಲು ಖರ್ಚಿನ ಬಾಬ್ತು ಮುಗಿಸಿಬಿಡುತ್ತೇನೆ, ಲಾಭದ ಮಾತು ಆಮೇಲೆ. ಒಂದೇ ಒಂದು ಷರತ್ತು ನಿಮ್ಮ ಕಂಪ್ಯೂಟರಿನ ಸಾಲಿನ ಬಾಲಕ್ಕೆ ಅಂಟದೆ ಉಳಿದಿದ್ದಕ್ಕೆ ಬಿದ್ದ ಖರ್ಚು ಹೀಗಿದೆ. ಅಚ್ಚಾಗುವ ಮೊದಲೇ ರದ್ದಿಗೆ ಹೋದ ಒಂದು ಕಟ್ಟು ಕಾರ್ಡು. ಹಿರಿಯೂರಿನ ದರ್ಜಿ ಆಗಲೇ ಕತ್ತರಿ ಆಡಿಸಿದ್ದ ರೇಷ್ಮೆ ರವಿಕೆ ಬಟ್ಟೆ. ಬರಲು ಹೇಳಿ ಆಮೇಲೆ ಬೇಡವೆಂದಿದ್ದಕ್ಕೆ ಶ್ರೀರಾಂಪುರದ ಅಡುಗೆಯವನ ಮುನಿಸು. ಯಲ್ಲದಕೆರೆಯ ದಾರಿಯಲ್ಲಿ ಕಿತ್ತುಬಂದ ನಿಮ್ಮ ಚಪ್ಪಲಿ. "ನಮ್ ಫಾರಂ ವಾಪಸ್ ಕೊಡ್ರಿ" ಎಂದು ಬಂದವರ ಲೆಕ್ಕ ನಾನು ಇಡಲಿಲ್ಲ, ಇಡಬೇಡ ಎಂದವರು ನೀವೇ. ಇವೆಲ್ಲ ಕಣ್ಣಿಗೆ ಕಾಣುವ ಖರ್ಚು. ಕಾಣದ್ದೊಂದಿತ್ತು, ಒಬ್ಬ ಹುಡುಗಿಯ ಹೆಸರು. ಅದು ಹೋಗುವುದರಲ್ಲಿತ್ತು, ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದು ನಿಮಗೆ ಗೊತ್ತು. ಆಮೇಲೆ ಆದದ್ದು ಗೊತ್ತಿಲ್ಲ. ಅದನ್ನು ಹೇಳಲು ನೀವೇ ಇಲ್ಲವಾದ ಮೇಲೆ ಕಾಗದ ಬರೆಯದೆ ಇನ್ನೇನು ಮಾಡಲಿ?

ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಾನು ಪ್ರೈವೇಟ್ ಬಸ್ಸಿಗೆ ಜನ ಕೂಗುತ್ತಿದ್ದ ದಿನ ನೆನಪಿದೆಯೇ? "ಹೊಳಲ್ಕೆರೆ, ಚಿತ್ರದುರ್ಗಾ! ಸೀಟೈತೆ ಬರ್ರಿ, ಸೀಟೈತೆ ಬರ್ರಿ!" ನೀವು ಹತ್ತಿದಿರಿ, ಒಳಗೆಲ್ಲ ಕಣ್ಣಾಡಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದಿರಿ. "ಏನಪ್ಪ, ಸೀಟು ಎಲ್ಲೈತೆ?" ಎಂದಿರಿ. "ಬಸ್ಸಲ್ಲೇ ಐತೆ ಅಕ್ಕಾರೆ, ಜನ ಅದ್ರ ಮ್ಯಾಲೆ ಕುಂತವ್ರೆ ಅಷ್ಟೆ" ಎಂದೆ. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ನೀವು ನಕ್ಕುಬಿಟ್ಟಿರಿ. "ಲೇ, ಇಷ್ಟು ಬಾಯಿ ಇಟ್ಕಂಡು ಬರೀ ಬಸ್ಸು ತುಂಬುಸ್ತೀಯಲ್ಲ, ನನ್ ಜೊತೆ ಬಾ. ಚಪ್ಪರ ತುಂಬ್ಸಾಣ" ಎಂದಿರಿ. ಟೈಪಿಂಗ್ ಹೇಳಿಕೊಡುವ ಗಿರಿಜಕ್ಕ ವಧು-ವರರ ಕೇಂದ್ರ ತೆಗೆದಿದ್ದಾರೆಂದು ಊರಿಗೆಲ್ಲ ಗೊತ್ತಿತ್ತು. ಊರು ಆಡಿಕೊಂಡಿದ್ದೂ ಗೊತ್ತಿತ್ತು. ಒಂದು ದಿನ ನಾನೇ ಕೇಳಿದೆನಲ್ಲ, "ನಿಮಗೇ ಮದ್ವೆ ಆಗಿಲ್ಲ, ಬೇರೆಯವ್ರಿಗೆ ಹೆಂಗೆ ಮಾಡುಸ್ತೀರಂತ ಜನ ಕೇಳ್ತಾರೆ, ಏನು ಹೇಳ್ಲಿ?" ಅಂತ. ನೀವು ಕೀಲಿಮಣೆಯಿಂದ ತಲೆಯನ್ನೂ ಎತ್ತಲಿಲ್ಲ. "ಡ್ರೈವರ್‌ಗೆ ಆ ಊರಲ್ಲಿ ಕೆಲ್ಸ ಇರ್ಬೇಕಾ? ದಾರಿ ಗೊತ್ತಿದ್ರೆ ಸಾಕು ಅಂತ ಹೇಳು."

ಆ ಕಂಪ್ಯೂಟರ್ ಬಂದ ದಿನ ಇಡೀ ಬೀದಿ ಬಂದು ಬಾಗಿಲಲ್ಲಿ ನಿಂತಿತ್ತು. ಚಿತ್ರದುರ್ಗದ ಯಾವುದೋ ಆಫೀಸು ಬೇಡವೆಂದು ಬಿಟ್ಟ ಪೆಟ್ಟಿಗೆ. ಹೆಸರು-ವಿವರ ತುಂಬಿಡುವ ಡೇಟಾಬೇಸು ಯಾವುದೋ ಮ್ಯಾಗಜಿನ್ ಜೊತೆ ಬಿಟ್ಟಿ ಬಂದ ಸಿ.ಡಿ.ಯದು. ಪ್ರೋಗ್ರಾಮು ಮಾತ್ರ ನಿಮ್ಮದು. ಭಾನುವಾರ ಭಾನುವಾರ ದುರ್ಗಕ್ಕೆ ಹೋಗಿ, ನಿಮ್ಮ ಅರ್ಧ ವಯಸ್ಸಿನ ಹುಡುಗರ ಪಕ್ಕ ಬೆಂಚಿನಲ್ಲಿ ಕುಳಿತು ಕಂಪ್ಯೂಟರಿನ ಸಿ ಭಾಷೆ ಕಲಿತಿರಿ. ರೆಡಿಮೇಡು ಸಿಗುತ್ತದಂತಲ್ಲ, ಯಾಕೆ ಈ ತಾಪತ್ರಯ ಎಂದು ಕೇಳಿದ್ದಕ್ಕೆ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ರೆಡಿಮೇಡಲ್ಲಿ ಬೆಡಗು ಅನ್ನೋ ಕಾಲಮ್ಮೇ ಇಲ್ಲ ಕಣೋ ತಿಪ್ಪೇಶ." ಬೇರೆಯವರಿಗೆ ಗೋತ್ರವಿದ್ದಂತೆ ಕುರಿ ಕಾಯುವ ನಮ್ಮ ಜನರಿಗೆ ಬೆಡಗು, ಅದು ಒಂದೇ ಆದರೆ ಸಂಬಂಧದ ಮಾತು ಅಲ್ಲಿಗೆ ಮುಗಿಯಿತು. ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ ಅವರು ಅಣ್ಣ-ತಂಗಿ. ತೊಟ್ಟಿಲ ಕೂಸಿಗೂ ಗೊತ್ತಿರುವ ಈ ಮಾತು ಸಿ.ಡಿ. ಮಾರುವವರಿಗೆ ಹೇಗೆ ಗೊತ್ತಾಗಬೇಕು? ಹಾಗೆ ನೋಡಿದರೆ ನೀವು ಆ ಪ್ರೋಗ್ರಾಮು ಬರೆದದ್ದೇ ಬೆಡಗಿಗಾಗಿ. ಕೊನೆಗೆ ಬಿಟ್ಟುಹೋದದ್ದೂ...

ಒಂದು ಮಧ್ಯಾಹ್ನ ಮಂಡಕ್ಕಿ ತಿನ್ನುತ್ತಾ ನನಗೆ ಅದರ ಒಳಗುಟ್ಟು ಹೇಳಿದಿರಿ. ಡೇಟಾಬೇಸನ್ನು ಕೇಳುವುದಾದರೆ ಒಂದೇ ಉಸಿರಿನಲ್ಲಿ, ಒಂದೇ ಸಾಲಿನಲ್ಲಿ ಕೇಳಬೇಕು. ಆ ಸಾಲು ಮೊದಲೇ ಸಿದ್ಧವಿರುವುದಿಲ್ಲ. ಗಿರಾಕಿ ಹೇಳುತ್ತಾ ಹೋದಂತೆ ತುಂಡು ತುಂಡಾಗಿ ಜೋಡಿಸಬೇಕು. "ಹುಡುಗಿಯರ ಪಟ್ಟಿಯಿಂದ ತೆಗೆ" ಎಂಬುದು ತಲೆ. ಅದರ ಬಾಲಕ್ಕೆ "ಎಸ್ಸೆಸ್ಸೆಲ್ಸಿ ಪಾಸಾಗಿರಲಿ" ಎಂಬ ತುಂಡು, ಅದರ ಬಾಲಕ್ಕೊಂದು "ಮತ್ತೆ", ಆ "ಮತ್ತೆ"ಯ ಬಾಲಕ್ಕೆ "ಹಿರಿಯೂರು ತಾಲ್ಲೂಕಾಗಿರಲಿ". ನಡುವೆ ಚೂರು ಜಾಗ ಬಿಡದಿದ್ದರೆ ಎರಡು ಮಾತು ಅಂಟಿಕೊಂಡು ಅದಕ್ಕೆ ತಿಳಿಯುವುದಿಲ್ಲ. "ಇದ್ನೆಲ್ಲ ತುಂಬಾಕೆ ಒಂದು ಚೀಲ ಬೇಕು. ಚೀಲ ಎಷ್ಟು ದೊಡ್ಡದು ಅಂತ ನಾನೇ ಮೊದ್ಲು ಹೇಳಿರ್ಬೇಕು. ಜಾಸ್ತಿ ತುಂಬುದ್ರೆ ಸಿ ಬ್ಯಾಡ ಅನ್ನಲ್ಲ, ಪಕ್ಕದವನ ಜಾಗಕ್ಕೆ ಸುರಿದು ಅವನದ್ನ ಹಾಳು ಮಾಡ್ತೈತೆ" ಎಂದಿರಿ. "ನಮ್ ದೊಡ್ಡಪ್ಪ ಬದು ಒತ್ತಿದಂಗೆ" ಎಂದೆ ನಾನು. "ನಿಮ್ ದೊಡ್ಡಪ್ಪ ಗೊತ್ತಿದ್ದೇ ಒತ್ತುತಾನೆ. ಪಾಪ, ಇದಕ್ಕೆ ಗೊತ್ತಾಗಲ್ಲ." ನನ್ನಂಥ ಬಸ್ಸು ಕೂಗುವವನಿಗೆ ಅದನ್ನು ಇಷ್ಟು ನೆಟ್ಟಗೆ ತಿಳಿಸುವವರು ಇನ್ನೊಬ್ಬರಿದ್ದರೆ ನನಗೆ ತೋರಿಸಿ ನೋಡೋಣ.

ಹೊಳಲ್ಕೆರೆಯಿಂದ ಬಂದ ಆ ತಾಯಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಮಗನಿಗೆ ಹೆಣ್ಣು ಬೇಕೆಂದು ಬಂದವರು ಕುರ್ಚಿ ಎಳೆದುಕೊಂಡು ಶುರು ಮಾಡಿದರು. ಹುಡುಗಿ ಓದಿರಬೇಕು, ಓದಿದ್ದು ತೋರಿಸಿಕೊಳ್ಳಬಾರದು. ಊರಿಗೆ ಬಸ್ಸಿರಬೇಕು, ಪದೇ ಪದೇ ತವರಿಗೆ ಹೋಗುವಷ್ಟು ಬಸ್ಸಿರಬಾರದು. ನೀವು ಒಂದಕ್ಕೂ ಇಲ್ಲ ಎನ್ನದೆ, ಕಾಲಮ್ಮಿಗೆ ಕೂಡುವುದನ್ನೆಲ್ಲ ಕುಟ್ಟುತ್ತಾ ಹೋದಿರಿ. ಚೀಲ ತುಂಬಿತು, ಹೊರಗೆ ಸುರಿಯಿತು, ಪರದೆ ಕಲ್ಲಾಗಿ ನಿಂತಿತು. ಆ ತಾಯಿ ಬಗ್ಗಿ ಪರದೆಯನ್ನು ನೋಡಿ, "ನಾನ್ ಹೇಳಿದ್ ಕೇಳಿ ನಿಮ್ ಮಿಷನ್ನಿಗೆ ಉಸ್ರು ಕಟ್ತೇನವ್ವಾ?" ಎಂದರು. ಆ ವಾರವೇ ನೀವು ಪ್ರೋಗ್ರಾಮಿಗೊಂದು ಕಾವಲು ಹಾಕಿದಿರಿ. ಹೊಸ ತುಂಡು ಸೇರಿಸುವ ಮೊದಲು ಚೀಲದಲ್ಲಿ ಜಾಗವಿದೆಯೇ ನೋಡು. ಇದ್ದರೆ ಸೇರಿಸು, ಇಲ್ಲದಿದ್ದರೆ ಬಿಟ್ಟು ಮುಂದೆ ಹೋಗು. ಅಂದಿನಿಂದ ಪರದೆ ಒಮ್ಮೆಯೂ ನಿಲ್ಲಲಿಲ್ಲ. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಹೇಳಿಕೊಂಡು ತಿರುಗಿದೆ, ನಮ್ಮ ಕಂಪ್ಯೂಟರ್ ನಿಲ್ಲುವುದೇ ಇಲ್ಲ ಎಂದು. ಎಂಥಾ ಜಾಹೀರಾತು!

ಶ್ರೀರಾಂಪುರದ ಸಿದ್ದಮ್ಮ ಮಗ ಮಹಾಲಿಂಗನಿಗೆ ಹೆಣ್ಣು ನೋಡಲು ಬಂದದ್ದು ಅದಾದ ಮೇಲೆ. ಹುಡುಗ ಒಳ್ಳೆಯವನು, ಊರಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಸಿದ್ದಮ್ಮನ ಪಟ್ಟಿಯೂ ಉದ್ದವೇ ಇತ್ತು, ಆದರೆ ಪರದೆ ನಿಲ್ಲಲಿಲ್ಲ. ಹಾಳೆ ಹೊರಗೆ ಬಂತು, ಮೇಲಿನ ಹೆಸರೇ ಯಲ್ಲದಕೆರೆಯ ಪವಿತ್ರ. ಕೆಳಗೆ ನಮ್ಮ ಸೀಲು: ಹೊಂದಾಣಿಕೆ ನೋಡಲಾಗಿದೆ. ಅದನ್ನು ಹಿಡಿದು ಯಲ್ಲದಕೆರೆಗೆ ಹೋದವನು ನಾನು. ಪವಿತ್ರಳ ಅಪ್ಪ ಕುರಿ ಹಿಂದೆ ಹೋಗುವ ಮನುಷ್ಯ, ಮನೆಯಲ್ಲಿ ಮಾತೆಲ್ಲ ಅಜ್ಜಿಯದು. ಬಂದವರಿಗೆ ನೀರು ಕೊಡುವ ಮೊದಲೇ "ನೀವು ಯಾವ ಬೆಡಗಿನೋರು?" ಎಂದು ಕೇಳುವ ಅಜ್ಜಿ ಅವರು. ಅವತ್ತು ಹುಡುಗನ ಬೆಡಗು ಕೇಳಲೇ ಇಲ್ಲ. ಸೀಲಿನ ಮೇಲೆ ಬೆರಳಾಡಿಸಿ, "ಎಲ್ಲಾ ಕಂಪ್ಯೂಟ್ರೇ ನೋಡೈತಂತೆ, ನಾವೇನು ನೋಡಾದು" ಎಂದರು. ಶ್ರೀರಾಂಪುರದಲ್ಲೂ ಅದೇ ಮಾತು. ತಲೆತಲಾಂತರದಿಂದ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ಎರಡು ಮನೆಯವರೂ ನಿಮ್ಮ ಪೆಟ್ಟಿಗೆಗೆ ಬಿಟ್ಟುಕೊಟ್ಟಿದ್ದರು. ಹುಡುಗ ಬಂದು ನೋಡಿದ, ಹುಡುಗಿ ಒಪ್ಪಿದಳು, ವೀಳ್ಯದ ಶಾಸ್ತ್ರಕ್ಕೆ ದಿನವೂ ಗೊತ್ತಾಯಿತು.

ಆ ಶಾಸ್ತ್ರದ ಕಾರ್ಡನ್ನು ನಾವೇ ಮಾಡಿಕೊಡುವುದೆಂದು ಒಪ್ಪಿದ್ದೆವು. ಹೆಸರುಗಳಲ್ಲಿ ತಪ್ಪಾಗದಿರಲಿ ಎಂದು ನೀವು ಎರಡೂ ಮನೆಯ ಮಾಹಿತಿಯನ್ನು ಪರದೆಯ ಮೇಲೆ ಒಟ್ಟಿಗೆ ತೆರೆದಿರಿ. ನಾನು ಕಾರ್ಡಿಗೆ ಅರಿಶಿನ ಹಚ್ಚುತ್ತಾ ಕುಳಿತಿದ್ದೆ. ಕೀಲಿಮಣೆಯ ಸದ್ದು ನಿಂತಿತು. ತಲೆ ಎತ್ತಿದರೆ ನಿಮ್ಮ ಮುಖ... ಎದ್ದು ಬಂದು ನೋಡಿದೆ. ಹುಡುಗ: ಜೀರಿಗೆ ಬೆಡಗು. ಹುಡುಗಿ: ಜೀರಿಗೆ ಬೆಡಗು. "ಟೈಪು ತಪ್ಪಿರ್ಬೇಕಕ್ಕ" ಎಂದೆ. ನೀವು ಫಾರಂ ತೆಗೆದು ನೋಡಿದಿರಿ, ಟೈಪು ಸರಿಯಿತ್ತು. ಆಮೇಲೆ ಸಿದ್ದಮ್ಮನ ಬೇಡಿಕೆಗಳನ್ನೇ ಮತ್ತೆ ಕೊಟ್ಟು, ಪ್ರೋಗ್ರಾಮು ಜೋಡಿಸಿದ ಸಾಲು ಏನೆಂದು ಪರದೆಯ ಮೇಲೆ ಕಾಣುವಂತೆ ಮಾಡಿದಿರಿ. ಬೆರಳಿಟ್ಟು ಜೋರಾಗಿ ಓದಿದಿರಿ. ಓದಿರಲಿ, ಮತ್ತೆ ಈ ತಾಲ್ಲೂಕಿರಲಿ, ಮತ್ತೆ ಇಷ್ಟು ವಯಸ್ಸಿರಲಿ, ಮತ್ತೆ ಊರಿಗೆ ಬಸ್ಸಿರಲಿ. ಸಾಲು ಅಲ್ಲಿಗೇ ಮುಗಿದಿತ್ತು. "ಬೆಡಗು ಬೇರೆ ಇರಲಿ" ಎಂಬ ತುಂಡು ಇಲ್ಲ. ಅದು ಗಿರಾಕಿಯ ಬೇಡಿಕೆಯಲ್ಲ, ನಮ್ಮ ಕಟ್ಟಳೆ ಎಂದು ಕೊನೆಯಲ್ಲಿ ಸೇರಿಸುವಂತೆ ಬರೆದಿದ್ದಿರಿ. ಅದರ ಸರದಿ ಬರುವ ಹೊತ್ತಿಗೆ ಚೀಲ ತುಂಬಿತ್ತು. ಕಾವಲು ತನ್ನ ಕೆಲಸ ಮಾಡಿತ್ತು. ಸದ್ದಿಲ್ಲದೆ ಬಿಟ್ಟು ಮುಂದೆ ಹೋಗಿತ್ತು.

ಅವತ್ತು ನಾನು ಕೊಟ್ಟ ಬುದ್ಧಿಯನ್ನೂ ನೀವು ಮರೆತಿರಲಾರಿರಿ. "ಅಕ್ಕಾ, ಕಂಪ್ಯೂಟರ್ ಕೆಡ್ತು ಅಂತ ಅದ್ರ ಮ್ಯಾಲೆ ಹಾಕಾಣ. ಅದೇನು ಪಂಚಾಯ್ತಿ ಕಟ್ಟೆಗೆ ಬಂದು ಸಾಕ್ಷಿ ಹೇಳ್ತೈತಾ?" ನೀವು ಸೆರಗಿನಿಂದ ಕನ್ನಡಕ ಒರೆಸಿಕೊಂಡಿರಿ. "ಅದು ಕೆಟ್ಟಿಲ್ಲ ಕಣೋ. ಜಾಗ ಇಲ್ಲದಿದ್ರೆ ಬಿಟ್ಬಿಡು ಅಂತ ಹೇಳಿದ್ದು ನಾನು, ಹೇಳಿದಂಗೆ ಕೇಳೈತೆ. ಈಗ ಅದ್ರ ಮ್ಯಾಲೆ ಹಾಕಿದ್ರೆ ನಾಳೆ ನನ್ ಮಾತು ಯಾರು ಕೇಳ್ತಾರೆ?" "ಹಂಗಾರೆ ಹುಡುಗಿ ಜಾತಕ ಕೂಡ್ಲಿಲ್ಲ ಅಂತ ಏನಾದ್ರೂ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ನನ್ನನ್ನೊಮ್ಮೆ ನೋಡಿದಿರಿ. "ಮಾತಾದ ಸಂಬಂಧ ಮುರಿದ್ರೆ ಜನ ಮೊದ್ಲು ಹುಡುಗೀಲಿ ಐಬು ಹುಡುಕ್ತಾರೆ. ಕಾರಣ ಏನು ಅಂತ ಎದ್ರಿಗೆ ನಿಂತು ಹೇಳೋರು ಒಬ್ರು ಬೇಕು. ಏಳು, ಹೋಗಾಣ." ಇಷ್ಟೇ. ಕಂಪ್ಯೂಟರಿಗೆ ಹೊದಿಕೆ ಹಾಕಿ, ಬೀಗ ಹಾಕಿ, ಹಿರಿಯೂರು ಬಸ್ಸಿನಲ್ಲಿ ಕೂತಿರಿ. ಬಸ್ಸಿಳಿದು ನಡೆಯುವಾಗ ಚಪ್ಪಲಿ ಕಿತ್ತಿತು. ಕೈಯಲ್ಲಿ ಹಿಡಿದು ನಡೆದಿರಿ.

ಯಲ್ಲದಕೆರೆಯ ಆ ಪಡಸಾಲೆಯಲ್ಲಿ ನೀವು ನೀರು ಕುಡಿಯುವ ಮೊದಲೇ ಹೇಳಿಬಿಟ್ಟಿರಿ. ಅಜ್ಜಿ ನೀರಿನ ಚೊಂಬನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ನಿನ್ ಮಿಷನ್ನಿಗೆ ಅಷ್ಟೂ ಗೊತ್ತಾಗ್ಲಿಲ್ವೇನವ್ವಾ?" ಎಂದರು.

"ಅದಕ್ಕೆ ನಾನು ಕೇಳ್ಲೇ ಇಲ್ಲ ಅಜ್ಜಿ. ಕೇಳಿದೀನಿ ಅನ್ಕಂಡೆ. ತಪ್ಪು ನಂದು."

"ಊರೆಲ್ಲ ಹೇಳೀನಲ್ಲೇ, ನನ್ ಮೊಮ್ಮಗಳಿಗೆ ಗಂಡು ಗೊತ್ತಾಯ್ತು ಅಂತ! ಈಗ ಏನಂತ ಹೇಳ್ಲಿ? ಏನೋ ಇತ್ತು, ಅದಕ್ಕೆ ಬಿಟ್ರು ಅಂತಾರೆ. ನಾಳೆ ಇವಳ್ನ ಯಾರು ನೋಡಾಕೆ ಬರ್ತಾರೆ?"

ಪವಿತ್ರ ಒಳಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ. "ರವಿಕೆ ಬಟ್ಟೆ ಕತ್ರಿಸಿಬಿಟ್ಟವ್ನೆ ಅಕ್ಕಾರೆ" ಎಂದಳು, ಅಷ್ಟೇ. ಅದನ್ನು ಕೇಳಿ ನೀವು ಎದ್ದು ನಿಂತಿರಿ. "ನೀವೇನೂ ಹೇಳ್ಬ್ಯಾಡ್ರಿ ಅಜ್ಜಿ. ನಾನು ಹೇಳ್ತೀನಿ, ಊರ ಮುಂದೆ."

ಅರಳಿಕಟ್ಟೆಯ ಮುಂದೆ ನೀವು ನಿಂತದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ. ಬಾಯಿಯಿಂದಲೇ ಬದುಕಿದವನು ನಾನು, ಅವತ್ತು ನಿಮ್ಮ ಕಿತ್ತ ಚಪ್ಪಲಿ ಹಿಡಿದು ಹಿಂದೆ ನಿಂತಿದ್ದೆ. ನೀವು ದನಿ ಏರಿಸಲಿಲ್ಲ, ಕಣ್ಣೀರು ಹಾಕಲಿಲ್ಲ. ಎರಡೂ ಮನೆ ಒಂದೇ ಬೆಡಗು, ನೋಡಬೇಕಾದವಳು ನಾನು, ನೋಡಲಿಲ್ಲ, ಹುಡುಗಿಯಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆಯಿಲ್ಲ ಎಂದಿರಿ. ಕಟ್ಟೆಯ ಮೇಲಿದ್ದ ಒಬ್ಬ ಯಜಮಾನರು, "ನಿನ್ ಕಂಪ್ಯೂಟ್ರು ಅಣ್ಣ-ತಂಗೀಗೇ ಗಂಟು ಹಾಕ್ತೈತಲ್ಲಮ್ಮ!" ಎಂದು ನಕ್ಕರು. "ಹೌದು ಯಜಮಾನ್ರೆ, ಹಾಕ್ತಿತ್ತು. ಬಿಚ್ಚಾಕೆ ಬಂದೀನಿ" ಎಂದಿರಿ. ಆಮೇಲೆ ಯಾರೂ ನಗಲಿಲ್ಲ. ಮಾರನೆಯ ದಿನ ಶ್ರೀರಾಂಪುರದಲ್ಲೂ ಅದೇ ಮಾತು ಹೇಳಿದಿರಿ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಿದ್ದಮ್ಮ ಬೈದರು, ಬೈದು ಮುಗಿಸಿ ಮಜ್ಜಿಗೆ ಕೊಟ್ಟರು. ಅಕ್ಕಾ, ವ್ಯಾಪಾರದಲ್ಲಿ ಮಾಲು ಹೊಗಳುವವರನ್ನು ಎಷ್ಟೋ ಮಂದಿ ನೋಡಿದ್ದೇನೆ. ತನ್ನ ಮಾಲಿನ ತೂತನ್ನು ಬೆರಳಿಟ್ಟು ತೋರಿಸಲು ಎರಡು ಊರು ಅಲೆದವರನ್ನು ನಿಮ್ಮೊಬ್ಬರನ್ನೇ ನೋಡಿದ್ದು.

ವಾಪಸು ಬಂದ ಮೇಲೆ ನೀವು ಪ್ರೋಗ್ರಾಮಿನ ಮುಂದೆ ಕೂತಿರಿ. ಚೀಲ ದೊಡ್ಡದು ಮಾಡಿದರೆ ಆಯಿತಲ್ಲ ಎಂದೆ. "ಎಷ್ಟು ದೊಡ್ಡದು ಮಾಡಿದ್ರೂ ತುಂಬೋ ಅಂಥ ಗಿರಾಕಿ ಒಬ್ರು ಬಂದೇ ಬರ್ತಾರೆ" ಎಂದಿರಿ. ದೊಡ್ಡದನ್ನೂ ಮಾಡಿದಿರಿ, ಬೆಡಗಿನ ತುಂಡನ್ನು ಕೊನೆಯಿಂದ ಎತ್ತಿ ಮೊದಲಿಗೆ ತಂದಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ತುಂಡು ಹಿಡಿಸದಿದ್ದರೂ ಪ್ರೋಗ್ರಾಮು ಅಲ್ಲೇ ನಿಂತು, ಇಂಥದ್ದು ಸೇರಲಿಲ್ಲ ಎಂದು ಪರದೆಯ ಮೇಲೆ ಹೇಳುವಂತೆ ಮಾಡಿದಿರಿ. "ನಮ್ಮದು ನಿಲ್ಲೋದೇ ಇಲ್ಲ ಅಂತ ಹೇಳ್ಕಂಡು ಬಂದೀನಲ್ಲಕ್ಕ?" ಎಂದೆ. "ಇನ್ಮ್ಯಾಲೆ, ನಿಲ್ಲೋ ಕಡೆ ನಿಲ್ತೈತೆ ಅಂತ ಹೇಳು." ಇಷ್ಟೆಲ್ಲ ಸರಿಮಾಡಿಟ್ಟು, ಆ ಚಳಿಗಾಲದಲ್ಲಿ ಎದೆನೋವು ಎಂದು ದುರ್ಗದ ಆಸ್ಪತ್ರೆಗೆ ಹೋದವರು... ಬೇಡ, ಅದನ್ನು ಬರೆಯುವುದಿಲ್ಲ. ಆಸ್ಪತ್ರೆಯ ಮಂಚದ ಮೇಲೂ ನೀವು ಕೇಳಿದ್ದು ಒಂದೇ ಮಾತು: "ಯಲ್ಲದಕೆರೆ ಹುಡುಗಿಗೆ ಯಾರಾದ್ರೂ ಬಂದ್ರಾ?" ಇಲ್ಲ ಎಂದೆ. ಆಗ ನಿಜವಾಗಿಯೂ ಯಾರೂ ಬಂದಿರಲಿಲ್ಲ.

ಈಗ ಕೇಳಿ, ಬಂದರು! ಫಾರಂ ವಾಪಸು ಒಯ್ದವರೇ ಒಬ್ಬೊಬ್ಬರಾಗಿ ಮತ್ತೆ ಬರತೊಡಗಿದಾಗ ನನಗೆ ಆಶ್ಚರ್ಯವಾಯಿತು. ವಿಚಾರಿಸಿದರೆ ಅಜ್ಜಿಯ ಕೆಲಸ. ಸಂತೆಯಲ್ಲಿ, ನೆಂಟರ ಮನೆಯಲ್ಲಿ, ಬಸ್ಸಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಾರೆ: "ಅವ್ರತ್ರ ಹೋಗ್ರಿ. ತಪ್ಪಾದ್ರೆ ಮನೆ ಬಾಗ್ಲಿಗೆ ಬಂದು ಹೇಳ್ತಾರೆ." ನಾನು ಅಷ್ಟು ವರ್ಷ ಕೂಗಿದ್ದರಲ್ಲಿ ಇಂಥ ಒಂದು ಮಾತು ಇರಲಿಲ್ಲ. ಹೀಗೆ ಬಂದವರಲ್ಲಿ ಚಿಕ್ಕಜಾಜೂರಿನವರೊಬ್ಬರು. ಮಗನಿಗೆ ರೈಲ್ವೆಯಲ್ಲಿ ಕೆಲಸ. ನಿಮ್ಮ ಪ್ರೋಗ್ರಾಮಿಗೆ ಬೇಡಿಕೆ ಕೊಟ್ಟೆ. ಒಂದು ಸಲ ನಿಂತಿತು, ಹಿಡಿಸಲಿಲ್ಲ ಎಂದಿತು. ಅವರ ಎದುರಿಗೇ ಎರಡು ಬೇಡಿಕೆ ಕಡಿಮೆ ಮಾಡಿಸಿದೆ. ಮತ್ತೆ ಓಡಿಸಿದೆ, ಪವಿತ್ರಳ ಹೆಸರು ಬಂತು. ಹಾಳೆ ಹಿಡಿದು ಹೋದರೆ ಅಜ್ಜಿ ಸೀಲನ್ನು ನೋಡಲೇ ಇಲ್ಲ. "ಬೆಡಗು ಯಾವ್ದು?" ಎಂದರು. ಹೇಳಿದೆ. "ಇನ್ನೊಂದ್ಸಲ ಹೇಳು" ಎಂದರು. ಇನ್ನೊಂದು ಸಲ ಹೇಳಿದೆ.

ಮದುವೆಯ ದಿನ ನಡೆದದ್ದನ್ನು ನೀವು ನೋಡಬೇಕಿತ್ತು. ಧಾರೆಗೆ ಇನ್ನೂ ಹೊತ್ತಿತ್ತು. ಚಪ್ಪರದ ಮುಂದೆ ಒಂದು ಟೆಂಪೋ ನಿಂತಿತು. ಮೊದಲು ಇಳಿದವರು ಸಿದ್ದಮ್ಮ, ಹಿಂದೆ ಮಹಾಲಿಂಗ, ತಲೆಗೆ ರುಮಾಲು, ಕೈಯಲ್ಲಿ ಸೀರೆ, ಬಳೆ, ಹಣ್ಣು ತುಂಬಿದ ತಟ್ಟೆ. ಅವರನ್ನು ಕರೆದವರು ಯಾರೂ ಇರಲಿಲ್ಲ. ಗಂಡಿನ ಕಡೆಯವರು ಪಿಸಪಿಸ ಶುರು ಮಾಡಿದರು. ಅಜ್ಜಿ ಕೋಲೂರಿ ಬಂದು ಎದುರಿಗೆ ನಿಂತರು. "ಏನಪ್ಪ ಬಂದೆ?" ಎಂದರು. ಮಹಾಲಿಂಗ ತಲೆ ಬಗ್ಗಿಸಿಕೊಂಡೇ ಹೇಳಿದ: "ಇವಳಿಗೆ ಒಡಹುಟ್ಟಿದೋರು ಯಾರೂ ಇಲ್ವಂತಲ್ಲ ಅಜ್ಜಿ. ಬೆಡಗು ಒಂದೇ ಅಂದ್ಮ್ಯಾಲೆ ನಾನು ಅಣ್ಣ ಅಲ್ವಾ? ಅಣ್ಣನ್ನ ಕರಿಬೇಕಾ?" ಅಜ್ಜಿ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ಮದುಮಗಳ ಪಕ್ಕದಲ್ಲೇ ನಿಲ್ಲಿಸಿದರು. ಕಟ್ಟೆಯ ಮೇಲೆ ನಕ್ಕಿದ್ದ ಯಜಮಾನರೇ ವಾಲಗದವರಿಗೆ ಜೋರಾಗಿ ಊದಲು ಹೇಳಿದರು. ಮೊದಲ ಹಬ್ಬಕ್ಕೆ ಪವಿತ್ರಳನ್ನು ತವರಿಗೆ ಕರೆತರಲು ಚಿಕ್ಕಜಾಜೂರಿಗೆ ಹೋದವನೂ ಅವನೇ.

ಅಜ್ಜಿ ಹಿರಿಯರ ಹಬ್ಬಕ್ಕೆ ನನ್ನನ್ನು ಊಟಕ್ಕೆ ಕರೆದಿದ್ದರು. ತೀರಿಹೋದ ಮನೆಯ ಹಿರಿಯರಿಗೆ ಸಾಲಾಗಿ ಎಡೆ ಇಟ್ಟಿದ್ದರು. ಕೊನೆಯದರ ಮುಂದೆ ಹೊಸ ಸೀರೆ ಮಡಿಸಿಟ್ಟಿತ್ತು. ಅದು ಯಾರದೆಂದು ಕೇಳಿದೆ. "ಗಿರಿಜವ್ವಂದು" ಎಂದರು. ಅಲ್ಲೇ ಇದ್ದ ನೆಂಟರೊಬ್ಬರು, "ಅವ್ರು ನಮ್ ಬೆಡಗಲ್ಲವಲ್ಲ, ಎಡೆ ಇಡಬೋದಾ?" ಎಂದರು. ಅಜ್ಜಿ ಅವರತ್ತ ತಿರುಗಲೂ ಇಲ್ಲ. "ಅವ್ವನ್ನ ಯಾರಾದ್ರೂ ಬೆಡಗು ಕೇಳ್ತಾರೇನಲೇ" ಎಂದು ಆರತಿ ಎತ್ತಿದರು.

ಹಾಗಾಗಿ, ಯಾರಿಗೆ ಏನು ಬಂತು ಎಂದರೆ ಇಷ್ಟು. ಪವಿತ್ರಳಿಗೆ ಗಂಡನೂ ಬಂದ, ಅಣ್ಣನೂ ಬಂದ. ಮಹಾಲಿಂಗನಿಗೆ ತಂಗಿ ಬಂದಳು, ಹೆಂಡತಿ ಇನ್ನೂ ಇಲ್ಲ, ಅದು ನನ್ನ ಮೇಲಿನ ಭಾರ, ಮುಗಿಸುತ್ತೇನೆ. ಸಿದ್ದಮ್ಮನಿಗೆ ಬೈಯಲು ಒಬ್ಬ ಮಗಳು. ಅಜ್ಜಿಗೆ ತನ್ನ ಹಳೆಯ ಪ್ರಶ್ನೆ ವಾಪಸು. ನನಗೆ ನಿಮ್ಮ ಕುರ್ಚಿ, ನಿಮ್ಮ ಪ್ರೋಗ್ರಾಮು. ನಿಮಗೆ ವರ್ಷಕ್ಕೊಂದು ಎಡೆ, ಯಲ್ಲದಕೆರೆಯಲ್ಲಿ.